ನನ್ನ ಬೆಳಗಿನ ಸಕ್ಕರೆ ಏರಿಸಿದವರ ಪತ್ತೆ

ಇಂಥವು ನಿನಗೇ ಯಾಕೆ ಆಗುತ್ತವೆ ಎಂದು ಕೇಳುವವರಿದ್ದಾರೆ. ಎಲ್ಲರಿಗೂ ಆಗುತ್ತವೆ. ಬೇರೆಯವರು ಬಾಯಿ ಮುಚ್ಚಿಕೊಂಡಿರುತ್ತಾರೆ, ನಾನು ಮುಚ್ಚಿಕೊಳ್ಳುವುದಿಲ್ಲ. ಅಷ್ಟೇ ವ್ಯತ್ಯಾಸ.

ನಾನು ಡಾಕ್ಟರಲ್ಲ, ನರ್ಸಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟು ಮದುವೆಯಾದವಳು. ಇಪ್ಪತ್ತು ವರ್ಷದಿಂದ ಡಲ್ಲಾಸ್ ಪಕ್ಕದ ಅಲೆನ್‌ನಲ್ಲಿದ್ದೇನೆ. ನನಗೆ ಗೊತ್ತಿರುವುದೆಲ್ಲ ಇಲ್ಲಿನ ಲೈಬ್ರರಿಯಲ್ಲಿ ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಿದ್ದು. ಔಷಧದ ಡಬ್ಬಿಯೊಳಗೆ ಹದಿನಾರು ಮಡಿಕೆ ಮಾಡಿ ತುರುಕಿರುತ್ತಾರಲ್ಲ ಒಂದು ಕಾಗದ, ಅದನ್ನು ಓದುವ ಪ್ರಾಣಿ ಈ ಟೆಕ್ಸಾಸಿನಲ್ಲಿ ನಾನೊಬ್ಬಳೇ ಇರಬೇಕು. ಒಳ್ಳೆಯ ಸುದ್ದಿಯಾಗಿದ್ದರೆ ಅಷ್ಟು ಸಣ್ಣ ಅಕ್ಷರದಲ್ಲಿ ಯಾಕೆ ಅಚ್ಚು ಹಾಕುತ್ತಿದ್ದರು, ಹೇಳಿ.

ಲಿವರ್ ಮೇಲೆ ದೂರು

ಹೋದ ವರ್ಷ ಕಣ್ಣಿನ ಡಾಕ್ಟರು ನನ್ನ ಕಣ್ಣಿನ ಒಳಪರದೆಯಲ್ಲಿ ನಾಲ್ಕು ಕೆಂಪು ಚುಕ್ಕೆ ಕಂಡವೆಂದು ಬರೆದು ಸಕ್ಕರೆ ಡಾಕ್ಟರಿಗೆ ಕಳಿಸಿದರು. ಈ ಸಕ್ಕರೆ ಡಾಕ್ಟರು ಅಪ್ಪಟ ಟೆಕ್ಸಾಸಿನವರು. ಬಿಳಿ ಕೋಟಿನ ಕೆಳಗೆ ಕುದುರೆ ಸವಾರಿಯ ಬೂಟು. ಅವರು ನಾನು ಸಕ್ಕರೆಯ ಲೆಕ್ಕ ಬರೆದಿಡುವ ಪುಸ್ತಕ ನೋಡಿದರು. ರಾತ್ರಿ ಮಲಗುವಾಗ ನೂರ ನಲವತ್ತೆಂಟು, ಬೆಳಿಗ್ಗೆ ಎದ್ದಾಗ ಇನ್ನೂರ ಹನ್ನೆರಡು.

"ನಡುವೆ ಏನಾದರೂ ತಿಂದಿರಾ?" ಅಂದರು.

"ನಿದ್ದೆಯಲ್ಲಿ ತಿನ್ನುವ ಅಭ್ಯಾಸ ನನಗಿಲ್ಲ."

"ಹಾಗಾದರೆ ನಿಮ್ಮ ಲಿವರ್. ನಸುಕಿನಲ್ಲಿ ದೇಹ ಎಚ್ಚರವಾಗುವ ಮುಂಚೆ ಅದು ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ."

"ನನ್ನನ್ನು ಕೇಳದೆ?"

"ಅದು ಯಾರನ್ನೂ ಕೇಳುವುದಿಲ್ಲ."

ಮೂವತ್ತು ವರ್ಷ ಸಂಸಾರ ಮಾಡಿದ ಯಜಮಾನರೇ ನನ್ನನ್ನು ಕೇಳದೆ ಒಂದು ಟೀ ಕುಡಿಯುವುದಿಲ್ಲ. ನನ್ನ ಹೊಟ್ಟೆಯೊಳಗೇ ಕುಳಿತು ನನ್ನ ಅನ್ನ ತಿನ್ನುವ ಲಿವರ್ ಹೀಗೆ ಮಾಡುತ್ತದೆಂದರೆ ನಂಬುವುದು ಹೇಗೆ? ಡಾಕ್ಟರು ಇನ್ಸುಲಿನ್ ಬರೆದರು. ರಾತ್ರಿಗೆ ಹತ್ತು ಯೂನಿಟ್. ಬೆಳಗಿನ ಸಂಖ್ಯೆ ನೂರ ಮೂವತ್ತು ಮೀರುತ್ತಲೇ ಇದ್ದರೆ ಮೂರು ದಿನಕ್ಕೊಮ್ಮೆ ಎರಡೆರಡು ಏರಿಸಬೇಕು. "ಮೂರು ತಿಂಗಳು ಟೈಮ್. ಅಷ್ಟರಲ್ಲಿ ಇಳಿಯದೆ ಚುಕ್ಕೆ ಹೆಚ್ಚಾದರೆ, ನಿಮ್ಮ ಕಾರಿನ ಕೀಲಿ ನಿಮ್ಮವರ ಕೈಗೆ ಕೊಡಿ ಅಂತ ನಾನೇ ಹೇಳಬೇಕಾಗುತ್ತದೆ."

ಕೀಲಿ! ನಲವತ್ತೈದನೇ ವಯಸ್ಸಿನಲ್ಲಿ, ಯಜಮಾನರು ಬೇಡವೆಂದಷ್ಟೂ ಹಟ ಹಿಡಿದು ಕಲಿತ ಕಾರು ಅದು. ನಮ್ಮ ಬೀದಿಗೆ ಬಸ್ಸಿಲ್ಲ. ಕೊತ್ತಂಬರಿ ಸೊಪ್ಪಿಗೂ ಹೆದ್ದಾರಿ ಹತ್ತಬೇಕು. ಡ್ರೈವ್ ಮಾಡದ ಐದು ಜನ ಹೆಂಗಸರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕುಳಿತು, ಅವರ ಪರವಾಗಿ ಜಗಳವಾಡಿ ಬರುವವಳು ನಾನು. ಕೀಲಿ ಹೋದರೆ ಅಡುಗೆಮನೆಯಲ್ಲಿ ನಿಂತು ಕಿಟಕಿಗೆ ಭಾಷಣ ಮಾಡಬೇಕಾಗುತ್ತದೆ.

ಇಷ್ಟು ದೊಡ್ಡ ಮಾತನ್ನು ಇಷ್ಟು ಸಲೀಸಾಗಿ ಆಡುವ ಡಾಕ್ಟರಿಗೆ ಔಷಧ ಕಂಪನಿಯವರು ಏನು ಕೊಟ್ಟಿರಬಹುದು ಎಂದು ಮೇಜಿನ ಮೇಲೆಲ್ಲ ಕಣ್ಣಾಡಿಸಿದೆ. ಅವರ ಕೈಯಲ್ಲಿ ಒಂದು ಹೊಳೆಯುವ ಪೆನ್ನು. ಅದರ ಮೇಲೆ ಯಾವುದೋ ಕಂಪನಿಯ ಹೆಸರು. ಸಿಕ್ಕಿಬಿದ್ದ ಅಂದುಕೊಂಡೆ. ಸಹಿ ಮಾಡಲು ಕೊಟ್ಟಾಗ ಹಿಂದಕ್ಕೆ ಕೊಡದೆ ಕೈಚೀಲಕ್ಕೆ ಹಾಕಿಕೊಂಡೆ. ಸಾಕ್ಷಿ ಬೇಕಲ್ಲ?

ಮನೆಗೆ ಬಂದು ಕನ್ನಡಕ ಹಾಕಿಕೊಂಡು ಓದಿದೆ. ಔಷಧ ಕಂಪನಿಯದಲ್ಲ. ಹೆಣ ಹೂಳುವ ಸಂಸ್ಥೆಯದು.

ಮೊದಲು ಫೇಲ್ ಆಗಿ

ಇನ್ಸುಲಿನ್ ಬರೆದುಕೊಟ್ಟರೆ ಇನ್ಸುಲಿನ್ ಸಿಕ್ಕಿಬಿಡುತ್ತದೆ ಎಂದು ನಂಬುವವರು ಈ ದೇಶಕ್ಕೆ ಹೊಸಬರು. ಔಷಧದ ಅಂಗಡಿಯವಳು ಕಂಪ್ಯೂಟರ್ ನೋಡಿ, "ನಿಮ್ಮ ಇನ್ಶೂರೆನ್ಸ್ ಒಪ್ಪುತ್ತಿಲ್ಲ, ಅವರಿಗೇ ಫೋನ್ ಮಾಡಿ" ಅಂದಳು. ಮಾಡಿದೆ. ಐವತ್ತು ನಿಮಿಷ ಪಿಯಾನೋ ಕೇಳಿದೆ. ಕಾಯಿಸಿ ಕಾಯಿಸಿ ಜನ ಬೇಸತ್ತು ಫೋನ್ ಇಡಲಿ ಎನ್ನುವುದಕ್ಕೇ ಆ ಪಿಯಾನೋ. ನಾನು ಸ್ಪೀಕರಿಗೆ ಹಾಕಿ ಹುರುಳಿಕಾಯಿ ಹೆಚ್ಚಿದೆ, ಸಾರಿಗೆ ಒಗ್ಗರಣೆ ಹಾಕಿದೆ. ಕೊನೆಗೆ ಒಬ್ಬ ಹುಡುಗ ಸಿಕ್ಕಿದ. ಮಾತು ತುಂಬ ನಯ. ನಯವಾದ ಮಾತು ಕೇಳಿದರೆ ನನಗೆ ಮೊದಲು ಭಯ.

"ಮೇಡಂ, ನಮ್ಮ ಪಟ್ಟಿಯಲ್ಲಿರುವ ಬೇರೆ ಔಷಧ ತೆಗೆದುಕೊಂಡು ನೀವು ಮೊದಲು ಫೇಲ್ ಆಗಬೇಕು. ಆಮೇಲೆ ಡಾಕ್ಟರು ಬರೆದದ್ದು ಕೊಡುತ್ತೇವೆ."

"ಯಾರು ಫೇಲ್ ಆಗಬೇಕು? ನಾನೋ, ಔಷಧವೋ?"

"ನೀವು, ಮೇಡಂ."

"ನಿಮ್ಮ ಔಷಧ ಕೆಲಸ ಮಾಡದಿದ್ದರೆ ಫೇಲ್ ಆದವಳು ನಾನು?"

"ನಮ್ಮ ಸಿಸ್ಟಂನಲ್ಲಿ ಹಾಗೇ ಇದೆ. ನಿಮ್ಮ ಹೆಸರಿನ ಎದುರು ಒಂದೂ ಫೇಲ್ ತೋರಿಸುತ್ತಿಲ್ಲ."

ನನಗೆ ತಲೆ ಕೆಟ್ಟಿತು. "ನೋಡಪ್ಪ, ಪಿಯುಸಿ ಲೆಕ್ಕದಲ್ಲಿ ಎರಡು ಸಲ ಫೇಲ್ ಆಗಿದ್ದೇನೆ. ಡ್ರೈವಿಂಗ್ ಟೆಸ್ಟಿನಲ್ಲಿ ಮೂರು ಸಲ. ಇವು ಸಾಕಾ, ಇನ್ನೂ ಬೇಕಾ?"

ಆ ಕಡೆಯಿಂದ ಟಕಟಕ ಎಂದು ಕೀಲಿಮಣೆ ಒತ್ತಿದ ಸದ್ದು.

"ಅದಕ್ಕೆ ಸಂಬಂಧಪಟ್ಟ ದಾಖಲೆ ಫ್ಯಾಕ್ಸ್ ಮಾಡಲು ಆಗುತ್ತದಾ ಮೇಡಂ?"

ಮಾಡಿದೆ. ಡಾಕ್ಟರ ಚೀಟಿಯ ಹಿಂದೆ ನನ್ನ ಮಾರ್ಕ್ಸ್ ಕಾರ್ಡನ್ನೂ ಇಟ್ಟು ಮಾಡಿದೆ. ಮೂರನೆಯ ದಿನಕ್ಕೆ ಒಪ್ಪಿಗೆ ಬಂತು. ಅವರಿಗೆ ಯಾವ ಫೇಲು ಹಿಡಿಸಿತು ಎಂದು ಇವತ್ತಿನವರೆಗೂ ತಿಳಿಸಿಲ್ಲ.

ಹ್ಯೂಸ್ಟನ್ನಿನ ಗರಾಜು

ಚುಚ್ಚಿಕೊಳ್ಳಲು ಶುರು ಮಾಡಿದ ಮೂರನೇ ವಾರ ಹ್ಯೂಸ್ಟನ್ನಿನ ಓರಗಿತ್ತಿಯ ಮನೆಗೆ ಹೋದೆವು. ಅವಳು ಧಾರವಾಡದ ಕಡೆಯವಳು. ಮಡಿಯಲ್ಲಿ ನನಗಿಂತ ನಾಲ್ಕು ಹೆಜ್ಜೆ ಮುಂದೆ. ಚುಚ್ಚಿಕೊಳ್ಳುವ ಇನ್ಸುಲಿನ್ ಪೆನ್ನು ಮುಗಿಯುತ್ತ ಬಂದಿತ್ತೆಂದು ಎರಡು ಹೊಸ ಪೆನ್ನು ಐಸ್ ಚೀಲದಲ್ಲಿಟ್ಟುಕೊಂಡು ಹೋಗಿದ್ದೆ. ಹೊಸದನ್ನು ಫ್ರಿಜ್ಜಿನಲ್ಲಿಡಬೇಕು. ಟೆಕ್ಸಾಸಿನ ಬಿಸಿಲಿಗೆ ಹೊರಗಿಟ್ಟರೆ ಕೆಟ್ಟಂತೆಯೇ. ಫ್ರಿಜ್ಜಿನ ಬಾಗಿಲು ತೆಗೆದೆ. ಅವಳು ಬಂದು ಅಡ್ಡ ನಿಂತಳು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಈ ಇನ್ಸುಲಿನ್ ಹಂದೀದಿಂದ ಮಾಡ್ತಾರಂತಲ್ರಿ?"

"ಯಾರೇ ಹೇಳಿದ್ದು?"

"ನಮ್ಮ ಬಾಜೂ ಮನಿಯವ್ರು. ಇಲ್ಲಿ ದೇವರ ಹಾಲು ಅದರಿ, ಅದಕ್ಕ ಕೇಳಿದೆ."

ಲೈಬ್ರರಿಯಲ್ಲಿ ಓದಿದ್ದು ಸುಮ್ಮನೆ ಹೋಗಬಾರದಲ್ಲ? ಫ್ರಿಜ್ಜಿನ ಬಾಗಿಲು ಹಿಡಿದುಕೊಂಡೇ ಪಾಠ ಮಾಡಿದೆ. "ಹಂದಿಯ ಕಾಲ ಹೋಯಿತು ಕಣೇ. ಈಗ ದೊಡ್ಡ ದೊಡ್ಡ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ಸಾಕಿ, ಅದರ ಕೈಲಿ ಮಾಡಿಸುತ್ತಾರೆ."

"ಅಂದ್ರ ಕ್ರಿಮೀರಿ?"

"ಹ್ಞೂಂ, ಆದರೆ ಒಳ್ಳೆಯ..."

"ಅಯ್ಯ ಅಕ್ಕಾರ! ಹಂಗಾದ್ರ ಹಂದೀನ ವಾಸಿ ಅಲ್ರಿ!"

ಆಮೇಲೆ ಅವಳೇ ಪೆನ್ನುಗಳನ್ನು ಎರಡು ಬೆರಳಲ್ಲಿ ಎತ್ತಿಕೊಂಡು, "ನೀವು ಆರಾಮ ಕೂಡ್ರಿ, ಗರಾಜಿನ್ಯಾಗ ಇನ್ನೊಂದು ಫ್ರಿಜ್ ಅದ, ಅಲ್ಲಿಡ್ತೀನಿ" ಎಂದಳು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಮಾರನೇ ದಿನ ನೋಡಿದರೆ ಪೆನ್ನು ಎರಡೂ ಮೇಲಿನ ಖಾನೆಯಲ್ಲಿ, ಮಂಜುಗಡ್ಡೆಯಾಗಿ, ಕಲ್ಲಿನ ಹಾಗೆ ಬಿದ್ದಿವೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಪ್ರಯೋಜನವಿಲ್ಲ. ಎರಡನ್ನೂ ಎಸೆದು, ಹೊಸದಕ್ಕಾಗಿ ಹ್ಯೂಸ್ಟನ್ನಿನ ಔಷಧದಂಗಡಿಗಳನ್ನೆಲ್ಲ ಸುತ್ತಿದೆ.

"ಫ್ರೀಜರಿನಲ್ಲಿ ಯಾಕಿಟ್ಟೆ? ಅದೂ ಐಸ್‌ಕ್ರೀಂ ಡಬ್ಬಿಗಳ ಮಧ್ಯೆ!" ಎಂದು ಕೂಗಾಡಿದೆ.

ಅವಳು ಒಂದಿಷ್ಟೂ ಅಳುಕಲಿಲ್ಲ. "ಸಕ್ರಿ ಜೋಡಿ ಹೊಡದಾಡೋ ಔಷಧ ಅಲ್ರಿ ಅದು? ಅಲ್ಲೇ ಇದ್ದು ರೂಢಿ ಆಗ್ಲಿ ಅಂತ ಇಟ್ಟೆ."

ಕೈ ಎತ್ತದ ಸಭೆ

ನಮ್ಮ ಕಡೆಯ ಕನ್ನಡದವರು ಯುಗಾದಿಗೆ ಲಿಟಲ್ ಎಲ್ಮ್‌ನಲ್ಲಿ ಕೆರೆ ಪಕ್ಕದ ಒಂದು ಹಾಲ್ ಬಾಡಿಗೆಗೆ ಹಿಡಿದು ಸೇರಿದ್ದೆವು. ಇನ್ನೂರು ಜನ. ಊಟದ ಸಾಲಿನಲ್ಲಿ "ಶುಗರ್ ಫ್ರೀ" ಎಂದು ಬೋರ್ಡು ಹಾಕಿದ ಒಂದು ಮೇಜು. ಅದರ ಮೇಲೆ ಹೋಳಿಗೆ. ನೋಡಿದೊಡನೆ ನನಗೆ ಅನುಮಾನ ಬಂತು.

ಕಮಿಟಿಯವರನ್ನು ಹಿಡಿದು ಕೇಳಿದೆ, "ಇದಕ್ಕೆ ಏನು ಹಾಕಿದ್ದೀರಿ?"

"ಬರೀ ಬೆಲ್ಲ ಆಂಟಿ. ಸಕ್ಕರೆ ಒಂದು ಕಾಳೂ ಇಲ್ಲ, ಪ್ರಾಮಿಸ್."

ನಾನು ನೇರ ಮೈಕಿಗೆ ಹೋದೆ. ಮೈಕು ಯಾರದ್ದೆಂದು ಕೇಳುವ ಅಭ್ಯಾಸ ನನಗಿಲ್ಲ. "ಬೆಲ್ಲವೂ ಸಕ್ಕರೆಯೇ. ಬಣ್ಣ ಬೇರೆ ಅಷ್ಟೆ. ನಾನು ಇನ್ಸುಲಿನ್ ತೆಗೆದುಕೊಳ್ಳುತ್ತೇನೆ, ಅದರಲ್ಲಿ ನಾಚಿಕೆ ಏನೂ ಇಲ್ಲ. ಇಲ್ಲಿ ಇನ್ಯಾರು ತೆಗೆದುಕೊಳ್ಳುತ್ತೀರೋ ಕೈ ಎತ್ತಿ. ನಾವೆಲ್ಲ ಸೇರಿ ಆ ಬೋರ್ಡು ಕಿತ್ತುಹಾಕೋಣ."

ಇನ್ನೂರು ಜನದಲ್ಲಿ ಒಂದು ಕೈ ಏಳಲಿಲ್ಲ. ಇನ್ಸುಲಿನ್ ಅಂದರೆ ಕೊನೆಯ ಸ್ಟೇಜು, ಸ್ಮಶಾನದ ಬಾಗಿಲು ಎಂದು ನಮ್ಮವರ ಲೆಕ್ಕ. ಮಗಳ ಮದುವೆಗೆ ತೊಂದರೆ, ಮಗನ ಸಂಬಂಧಕ್ಕೆ ತೊಂದರೆ. ಸೌತ್‌ಲೇಕ್‌ನಲ್ಲಿ ಅರಮನೆಯಂಥ ಮನೆ ಕಟ್ಟಿಸಿರುವ ಹಿರಿಯರೊಬ್ಬರು ಮುಂದಿನ ಸಾಲಿನಿಂದಲೇ, "ನಮ್ಮ ವಂಶದಲ್ಲೇ ಇಲ್ಲಮ್ಮ" ಅಂದರು. ಅವರ ಹಿಂದೆ ಇಡೀ ಸಾಲು ತಲೆ ಆಡಿಸಿತು. ನಾನು ಕೆಳಗಿಳಿದು ಬಂದೆ. ಜನ ಹೋಳಿಗೆ ತಿಂದರು. ಮೇಲೆ ತುಪ್ಪ, ಪಕ್ಕಕ್ಕೆ ಶ್ಯಾವಿಗೆ ಪಾಯಸ.

ಈಗ ಒಂದು ಯಂತ್ರದ ವಿಷಯ ಹೇಳಬೇಕು. ತೋಳಿಗೆ ಅಂಟಿಸಿಕೊಳ್ಳುವ ಬಿಲ್ಲೆ ಬಂದಿದೆ. ಬೆರಳು ಚುಚ್ಚುವ ಕೆಲಸವಿಲ್ಲ. ಅದೇ ರಕ್ತದ ಸಕ್ಕರೆ ಲೆಕ್ಕ ಹಾಕಿ ಫೋನಿಗೆ ಕಳಿಸುತ್ತದೆ, ಏರಿದರೆ ಕೂಗುತ್ತದೆ. ಡಾಕ್ಟರು ನನಗೂ ಹಾಕಿಕೊಳ್ಳಿ ಅಂದಿದ್ದರು. ನಾನು ಒಪ್ಪಲಿಲ್ಲ. ನಾನು ತಿಂದ ದೋಸೆಯ ಸುದ್ದಿ ಮೊದಲು ನನ್ನ ಫೋನಿಗೆ, ಅಲ್ಲಿಂದ ಯಾವ ಕಂಪನಿಯ ಕಿವಿಗೆ ಹೋಗುತ್ತದೋ ಯಾರಿಗೆ ಗೊತ್ತು?

ಊಟ ಆಗಿ ಮುಕ್ಕಾಲು ಗಂಟೆಗೆ ಸೌತ್‌ಲೇಕಿನ ಹಿರಿಯರು ಶಿಸ್ತಿನ ಬದುಕು ಎನ್ನುವ ವಿಷಯದ ಮೇಲೆ ಮಾತಾಡಲು ನಿಂತರು. "ನಾಲಿಗೆಯನ್ನು ಗೆದ್ದವನು..." ಎನ್ನುತ್ತಿದ್ದ ಹಾಗೇ ಅವರ ರೇಷ್ಮೆ ಜುಬ್ಬದ ಜೇಬಿನಿಂದ ಟ್ರೀಂವ್ ಟ್ರೀಂವ್ ಟ್ರೀಂವ್. ಮೈಕು ಹತ್ತಿರವಿತ್ತು. ಇಡೀ ಹಾಲಿಗೆ ಕೇಳಿಸಿತು.

"ಅದು... ಮನೆಯ ಬೆಂಕಿ ಅಲಾರಂ ಆಪ್" ಅಂದರು.

"ಮನೆಗೆ ಓಡಿ ಹೋಗಲ್ವಾ ಅಂಕಲ್?" ಎಂದು ಯಾವುದೋ ಮಗು ಕೇಳಿತು. ಅವರು ಬಾಯಿ ತೆಗೆಯುವಷ್ಟರಲ್ಲಿ ಮೂರನೇ ಸಾಲಿನಿಂದ ಅದೇ ಸದ್ದು. ಆಮೇಲೆ ಹಿಂದಿನ ಸಾಲು. ಆಮೇಲೆ ಎಡಗಡೆ ಎರಡು, ಬಲಗಡೆ ನಾಲ್ಕು, ಹೆಂಗಸರ ಕೈಚೀಲಗಳಲ್ಲಿ ಲೆಕ್ಕವಿಲ್ಲ. ಮಳೆ ಬಿದ್ದ ಮೇಲೆ ಕಪ್ಪೆಗಳು ಒಂದರ ಹಿಂದೆ ಒಂದು ಶುರುಮಾಡಿದ ಹಾಗೆ. ಯಾರೂ ಜೇಬಿಗೆ ಕೈ ಹಾಕಲಿಲ್ಲ. ಹಾಕಿದರೆ ತನ್ನದೆಂದು ಒಪ್ಪಿಕೊಂಡ ಹಾಗೆ.

ನಾನು ಪಕ್ಕದಲ್ಲಿದ್ದವರನ್ನು ಮೆಲ್ಲಗೆ ಕೇಳಿದೆ, "ನಿಮ್ಮದೂ ಬೆಂಕಿನಾ?"

"ಇಲ್ಲಾರೀ," ಅಂದರು ಅವರು ನೆಟ್ಟಗೆ ವೇದಿಕೆ ನೋಡುತ್ತ, "ತೊಟ್ಟಿಲಲ್ಲಿ ಮಗು ಅತ್ತರೆ ತಿಳಿಸೋ ಅಲಾರಂ."

ಅವರ ಮಗು ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು.

ಆಸ್ಟಿನ್ನಿನಲ್ಲಿ ಸಿಕ್ಕ ಕಳ್ಳ

ಇಷ್ಟೆಲ್ಲದರ ನಡುವೆ ನನ್ನ ಬೆಳಗಿನ ಸಂಖ್ಯೆ ಇಳಿಯಲೇ ಇಲ್ಲ. ಇನ್ಸುಲಿನ್ ಹತ್ತರಿಂದ ಹನ್ನೆರಡಾಯಿತು, ಇಪ್ಪತ್ತಾಯಿತು, ಮೂವತ್ತೆರಡಾಯಿತು. ಸಂಖ್ಯೆ ಮಾತ್ರ ನೂರ ತೊಂಬತ್ತು, ಇನ್ನೂರ ಹತ್ತು, ಇನ್ನೂರ ಐದು. ಡಾಕ್ಟರು ಮೂರು ದಿನಕ್ಕೊಮ್ಮೆ ಏರಿಸಿ ಅಂದಿದ್ದರು. ಅಷ್ಟು ಅವಸರದಲ್ಲಿ ಏರಿಸಿದರೆ ಕಂಪನಿಗೆ ತಾನೇ ಲಾಭ ಎಂದು ನಾನು ವಾರಕ್ಕೊಮ್ಮೆ ಏರಿಸುತ್ತಿದ್ದೆ. ಇದನ್ನು ಡಾಕ್ಟರಿಗೆ ಹೇಳಿರಲಿಲ್ಲ.

ಹನ್ನೊಂದು ವಾರ ಕಳೆಯಿತು. ಉಳಿದದ್ದು ಒಂದೇ ವಾರ. ರಕ್ತ ಪರೀಕ್ಷೆಗೆ ಕೊಟ್ಟು, ಡಾಕ್ಟರ ಭೇಟಿ ಸೋಮವಾರಕ್ಕೆ ಗೊತ್ತು ಮಾಡಿಕೊಂಡು, ಶುಕ್ರವಾರ ಬೆಳಿಗ್ಗೆ ಆಸ್ಟಿನ್ನಿನ ಮಗಳ ಮನೆಗೆ ಹೊರಟೆವು. ಹೊರಡುವಾಗ ಬೆರಳು ಚುಚ್ಚಿದರೆ ಇನ್ನೂರ ಹತ್ತು. ಇಷ್ಟಿರುವಾಗ ತಿಂಡಿ ಯಾಕೆ ಎಂದು ಸಿಟ್ಟಿನಿಂದ ಒಂದೇ ಇಡ್ಲಿ ತಿಂದು ಸ್ಟೀರಿಂಗ್ ಹಿಡಿದೆ. ಅರ್ಧ ದಾರಿಯಲ್ಲಿ, ವೇಕೋ ಹತ್ತಿರ ಬರುವಾಗ ಬೆನ್ನೆಲ್ಲ ಬೆವರು.

"ಯಾಕೆ ಕೈ ನಡುಗ್ತಿದೆ ನಿನಗೆ?" ಅಂದರು ಯಜಮಾನರು.

"ಆ ಲಾರಿಯವನ ಮೇಲೆ ಕೋಪ."

"ಯಾವ ಲಾರಿ? ಮುಂದೆ ಯಾರೂ ಇಲ್ಲ."

ಪುಣ್ಯಕ್ಕೆ ಅಲ್ಲೇ ಒಂದು ವಿಶ್ರಾಂತಿ ತಾಣ ಬಂತು. ನಿಲ್ಲಿಸಿ, ಹೋಗಿ ಮುಖ ಕೈ ತೊಳೆದು, ಬಂದು ಬೆರಳು ಚುಚ್ಚಿದೆ. ಎಪ್ಪತ್ತರ ಕೆಳಗೆ ಹೋದರೆ ಅಪಾಯ, ನನ್ನದು ಅರವತ್ತೊಂದು! ಯಜಮಾನರು ನನ್ನ ಬಾಯಿಗೆ ಕಿತ್ತಳೆ ರಸ ಸುರಿದರು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಸರಿಹೋದ ಮೇಲೆ, ಕೀಲಿ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು.

"ಕೊಡಿ ಇಲ್ಲಿ" ಅಂದೆ.

"ಡಾಕ್ಟರ್ ಹೇಳೋವರೆಗೂ ಕೊಡಲ್ಲ."

ಮೂವತ್ತು ವರ್ಷದಲ್ಲಿ ಆ ಮನುಷ್ಯ ನನ್ನ ಮಾತಿಗೆ ಕೊಡಲ್ಲ ಅಂದದ್ದು ಅದೇ ಮೊದಲು. ಉಳಿದ ದಾರಿಯೆಲ್ಲ ನಾನು ಪಕ್ಕದ ಸೀಟಿನಲ್ಲಿ ಕುಳಿತು ಕಿಟಕಿ ನೋಡಿದೆ. ಸಕ್ಕರೆ ಅಳೆಯುವುದು ಒಂದೇ ಮೀಟರು. ಬೆಳಿಗ್ಗೆ ಇನ್ನೂರ ಹತ್ತು, ಒಂದು ಇಡ್ಲಿ ತಿಂದರೆ ಅರವತ್ತೊಂದು. ಇದರಲ್ಲಿ ಯಾರದ್ದೋ ಕೈವಾಡ ಇದೆ, ಇರಲೇಬೇಕು.

ಮಗಳು ಆಸ್ಟಿನ್ನಿನಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವ ಕೆಲಸದಲ್ಲಿದ್ದಾಳೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಅರ್ಧ ಇಂಗ್ಲಿಷಿನಲ್ಲಿ. ಎಲ್ಲ ಕೇಳಿ, "ಅಮ್ಮಾ, ಟುಮಾರೋ ಮಾರ್ನಿಂಗ್ ಐ ವಿಲ್ ಜಸ್ಟ್ ವಾಚ್ ಯೂ. ನೀನು ಮಾಮೂಲಿ ಏನ್ ಮಾಡ್ತೀಯೋ ಎಕ್ಸಾಕ್ಟ್ಲೀ ಅದನ್ನೇ ಮಾಡು" ಅಂದಳು.

ಮಾರನೇ ಬೆಳಿಗ್ಗೆ ಅವಳು ಕಾಫಿ ಲೋಟ ಹಿಡಿದು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತಳು. ನಾನು ಸ್ನಾನ ಮಾಡಿದೆ. ಹಿತ್ತಾಳೆಯ ಪುಟ್ಟ ಕೃಷ್ಣನನ್ನು ತಟ್ಟೆಯಲ್ಲಿಟ್ಟೆ. ಕಣ್ಣಿನ ಚುಕ್ಕೆಯ ವಿಷಯ ತಿಳಿದ ದಿನವೇ ಹರಕೆ ಹೊತ್ತಿದ್ದೆ. ಸಕ್ಕರೆ ಇಳಿದು ಕಣ್ಣು ಉಳಿಯುವವರೆಗೆ ಒಂದು ದಿನವೂ ತಪ್ಪದೆ ಪಂಚಾಮೃತದ ಅಭಿಷೇಕ. ಹೋದಲ್ಲೆಲ್ಲ ಕೃಷ್ಣ ನನ್ನ ಜೊತೆಗೇ. ಹಾಲು, ಮೊಸರು, ತುಪ್ಪ ಆಯಿತು. ಜೇನುತುಪ್ಪ ಸುರಿದು ಬೆರಳಿನಿಂದ ವಿಗ್ರಹಕ್ಕೆಲ್ಲ ಸವರಿದೆ. ಸಕ್ಕರೆಯಿಂದ ಉಜ್ಜಿದೆ. ಬಾಳೆಹಣ್ಣು ಕಿವುಚಿ ಹಾಕಿದೆ. ಮಂಗಳಾರತಿ ಮಾಡಿ, ತೀರ್ಥ ತೆಗೆದುಕೊಂಡು, ಕೈ ತಲೆಗೆ ಸವರಿಕೊಂಡು, ಸೆರಗಿಗೆ ಒರೆಸಿಕೊಂಡೆ. ಆಮೇಲೆ ಮೀಟರ್ ತೆಗೆದೆ.

"ಅಮ್ಮಾ, ಸ್ಟಾಪ್. ಎದ್ದ ತಕ್ಷಣ ಯಾಕೆ ಟೆಸ್ಟ್ ಮಾಡಲ್ಲ ನೀನು?"

"ಪೂಜೆಗೆ ಮುಂಚೆ ರಕ್ತ ತೆಗೆಯಬಾರದು. ಮೈಲಿಗೆ."

"ಓಕೆ. ಬೆರಳು ಒರೆಸೋ ಆಲ್ಕೋಹಾಲ್ ಸ್ವಾಬ್ ಇದೆಯಲ್ಲ, ಅದು?"

"ದೇವರನ್ನು ಮುಟ್ಟಿದ ಕೈಗೆ ಹೆಂಡ ಹಚ್ಚಲಾ?"

"ಸೋಪ್?"

"ತೀರ್ಥ ತಗೊಂಡ ಕೈ ತೊಳೀತಾರೇನೇ ಯಾರಾದರೂ?"

ಅವಳು ಕಾಫಿ ಲೋಟ ಕೆಳಗಿಟ್ಟಳು. ಎದ್ದು ಬಂದು, ಪಂಚಾಮೃತದ ಬಟ್ಟಲಿಗೆ ಬೆರಳು ಅದ್ದಿ, ಬಟ್ಟೆಗೆ ಒರೆಸಿ, ಅದೇ ಬೆರಳನ್ನು ಚುಚ್ಚಿಕೊಂಡು ನನ್ನ ಮೀಟರಿಗೆ ಹಿಡಿದಳು. ಮುನ್ನೂರ ಹದಿನೆಂಟು.

"ಅಯ್ಯೋ ನನ್ನ ಕಂದಾ, ನಿನಗೂ ಬಂತಾ? ಇನ್ನೂ ಇಪ್ಪತ್ತೇಳು ಕಣೇ ನಿನಗೆ!" ಎಂದು ಅಲ್ಲೇ ಕುಸಿದು ಕುಳಿತೆ. ಗಲಾಟೆ ಕೇಳಿ ಯಜಮಾನರು ಓಡಿ ಬಂದರು. ಆಗಷ್ಟೇ ತೀರ್ಥ ತೆಗೆದುಕೊಂಡು ಹೋಗಿದ್ದರು. ಅವಳು ಅವರ ಬೆರಳನ್ನೂ ಚುಚ್ಚಿದಳು. ಇನ್ನೂರ ಎಪ್ಪತ್ತು. ಐದೇ ನಿಮಿಷದಲ್ಲಿ ಇಡೀ ಮನೆಗೆ ಸಕ್ಕರೆ ಕಾಯಿಲೆ.

ಆಮೇಲೆ ಮೂವರನ್ನೂ ಸಿಂಕಿನ ಮುಂದೆ ಸಾಲಾಗಿ ನಿಲ್ಲಿಸಿ ಸೋಪು ಹಾಕಿ ಕೈ ತೊಳೆಸಿದಳು. ಮತ್ತೆ ಚುಚ್ಚಿದಳು. ಅವಳದು ತೊಂಬತ್ತು. ಅವರದು ತೊಂಬತ್ತೆಂಟು. ನನ್ನದು ನೂರ ಒಂದು.

"ಅಮ್ಮಾ, ಎಲ್ಲ ಕಾಗದ ಓದ್ತೀನಿ ಅಂತೀಯಲ್ಲ? ಮೀಟರಿನ ಸ್ಟ್ರಿಪ್ ಡಬ್ಬಿಯ ಕಾಗದದಲ್ಲಿ ವೆರಿ ಫಸ್ಟ್ ಲೈನ್ ಅದೇ. ಕೈ ತೊಳ್ಕೊಳ್ಳಿ ಅಂತ."

"ಮೊದಲ ಸಾಲು ಯಾರು ಓದುತ್ತಾರೆ?" ಅಂದೆ. "ಮುಚ್ಚಿಡುವ ವಿಷಯ ಕೊನೆಯಲ್ಲಿರುತ್ತೆ. ನಾನು ಯಾವಾಗಲೂ ಕೆಳಗಿನಿಂದ ಓದೋದು."

ಯಜಮಾನರು ಕೃಷ್ಣನ ತಟ್ಟೆ ನೋಡಿದರು, ನನ್ನ ಬೆರಳು ನೋಡಿದರು. "ಅಂದರೆ ಮೂರು ತಿಂಗಳಿಂದ ದೇವರ ಸಕ್ಕರೆಗೆ ನೀನು ಇನ್ಸುಲಿನ್ ಚುಚ್ಚಿಕೊಂಡಿದ್ದೀಯ" ಅಂದರು. ನಕ್ಕರೆ ಏನಾಗುತ್ತದೋ ಎಂದು ಹೆದರಿ ಹಿತ್ತಲಿಗೆ ಹೋಗಿ ನಕ್ಕು ಬಂದರು. ಕೀಲಿ ಮಾತ್ರ ಕೊಡಲಿಲ್ಲ.

ಮಗಳು ಆಗಲೇ ಡಾಕ್ಟರ ಆಫೀಸಿಗೆ ಫೋನ್ ಮಾಡಿದಳು. ಆ ರಾತ್ರಿಯಿಂದಲೇ ಇನ್ಸುಲಿನ್ ಇಳಿಸಲು ಹೇಳಿದರು. ಸೋಮವಾರ ಹೋದೆವು. ಯಜಮಾನರೂ ಒಳಗೆ ಬಂದರು. ಡಾಕ್ಟರ ಮುಂದೆ ಒಂದು ಕಡೆ ಲ್ಯಾಬಿನ ವರದಿ, ಇನ್ನೊಂದು ಕಡೆ ನನ್ನ ಪುಸ್ತಕ.

"ನಿಮ್ಮ ಮೂರು ತಿಂಗಳ ಸರಾಸರಿ ತುಂಬ ಚೆನ್ನಾಗಿದೆ. ಕಣ್ಣಿನ ಚುಕ್ಕೆಯೂ ಹೆಚ್ಚಾಗಿಲ್ಲ ಅಂತ ವರದಿ ಬಂದಿದೆ. ಆದರೆ ಪುಸ್ತಕದಲ್ಲಿ ಎಲ್ಲ ಇನ್ನೂರು" ಅಂದರು. "ಮೂವತ್ತು ವರ್ಷದಿಂದ ರೋಗಿಗಳು ನನ್ನ ಹತ್ತಿರ ಸುಳ್ಳು ಲೆಕ್ಕ ತರುತ್ತಾರೆ. ಎಲ್ಲರೂ ಕಡಿಮೆ ಮಾಡಿ ಬರೆಯುತ್ತಾರೆ. ಹೆಚ್ಚು ಮಾಡಿ ಬರೆದವರು ನೀವೇ ಮೊದಲು."

ನಾನು ಸುಳ್ಳು ಬರೆಯುವವಳಲ್ಲ ಎಂದು ರೇಗಿ, ಎಲ್ಲವನ್ನೂ ಹೇಳಿದೆ. ಜೇನುತುಪ್ಪ, ಬಾಳೆಹಣ್ಣು, ಸೆರಗು, ವೇಕೋದ ಅರವತ್ತೊಂದು. ವಾರಕ್ಕೊಮ್ಮೆ ಮಾತ್ರ ಏರಿಸಿದ್ದನ್ನೂ ಹೇಳಿದೆ. ಅವರು ಬೂಟುಗಾಲು ಕೆಳಗಿಟ್ಟು ಮುಂದಕ್ಕೆ ಬಗ್ಗಿದರು. "ನನ್ನ ಮಾತು ಕೇಳಿ ಮೂರು ದಿನಕ್ಕೊಮ್ಮೆ ಏರಿಸಿದ್ದರೆ ಇವತ್ತು ಹೀಗೆ ಕುಳಿತು ಮಾತಾಡುತ್ತಿರಲಿಲ್ಲ ನೀವು. ನನ್ನ ಮೇಲಿನ ಅನುಮಾನ ನಿಮ್ಮನ್ನು ಉಳಿಸಿದೆ. ಆದರೂ ಇನ್ನು ಮುಂದೆ ನನಗೆ ಹೇಳದೆ ಏನೂ ಮಾಡಬೇಡಿ." ಆಮೇಲೆ ಯಾವ ಸಂಖ್ಯೆಗೆ ಎಷ್ಟು ಯೂನಿಟ್ ಎಂದು ಹೊಸದಾಗಿ ಬರೆದು ಕೊಟ್ಟರು. ಎದ್ದ ಕೂಡಲೇ, ಸೋಪಿನಿಂದ ಕೈ ತೊಳೆದು, ಪೂಜೆಗೆ ಮುಂಚೆ ಬೆರಳು ಚುಚ್ಚಬೇಕು. ಸ್ಟೀರಿಂಗ್ ಹಿಡಿಯುವ ಮುಂಚೆ ಇನ್ನೊಂದು ಸಲ. ನಾನು ಒಪ್ಪಿದೆ. ಮೈಲಿಗೆಯ ವಿಷಯ ನಾನು ಕೃಷ್ಣನ ಹತ್ತಿರ ಮಾತಾಡಿಕೊಳ್ಳುತ್ತೇನೆ, ಅದು ನಮ್ಮಿಬ್ಬರ ನಡುವಿನದು.

ಡಾಕ್ಟರು ಕಂಪ್ಯೂಟರಿನಲ್ಲಿ ಏನೋ ಬರೆಯತೊಡಗಿದರು. ನನ್ನ ಮೇಲೆ ಏನು ಬರೆಯುತ್ತಿದ್ದಾರೋ ಎಂದು ನಾನು ಕತ್ತು ಚಾಚಿದೆ.

"ನಿಮ್ಮ ಚಿಂತೆ ನನಗಿಲ್ಲ" ಅಂದರು ನಗು ತಡೆದುಕೊಂಡು. "ನಿಮ್ಮ ದೇವರ ಚಿಂತೆ. ಮೂರು ತಿಂಗಳಿಂದ ಪ್ರತಿ ಬೆಳಿಗ್ಗೆ ಆತನ ಮೈಯಲ್ಲಿ ಇಷ್ಟೊಂದು ಸಕ್ಕರೆ. ಒಂದು ಸಲ ಕರೆದುಕೊಂಡು ಬನ್ನಿ, ನೋಡೋಣ."

ನಾನು ಯಜಮಾನರ ಜೇಬಿನ ಕಡೆ ಬೆರಳು ತೋರಿಸಿದೆ.

"ಮೊದಲು ಇವರ ಜೇಬಿನಿಂದ ನನ್ನ ಕೀಲಿ ಕೊಡಿಸಿ ಡಾಕ್ಟರೇ. ಅವನನ್ನು ಕರೆದುಕೊಂಡು ಬರಬೇಕಾದರೂ ಡ್ರೈವ್ ಮಾಡಬೇಕಾದವಳು ನಾನೇ."